ಪರದೆಯ ಮಾವ ಏನಂದ

"ಏನಂದ?" ಎಂದರು ಅತ್ತೆ ಗಂಗರತ್ನಮ್ಮ.

"ಮೀನು ಬಚ್ಚಿಡು ಅಂದ," ಎಂದ ವೇಣುಗೋಪಾಲ.

"ಯಾರು, ಅಳಿಯನಾ?"

"ಮಾವ. ಹೆಂಡತಿಗೆ ಹೇಳ್ತಿದಾನೆ. ಅಳಿಯನ ಕಣ್ಣಿಗೆ ಬೀಳಬಾರದಂತೆ."

ಅಷ್ಟರಲ್ಲಿ ಪರದೆಯ ಮೇಲಿನ ಅತ್ತೆ ಹುರಿದ ಮೀನಿನ ತಟ್ಟೆಯನ್ನು ಅಕ್ಕಿಡಬ್ಬಕ್ಕೆ ತಳ್ಳಿ, ಮುಚ್ಚಳ ಹಾಕಿ, ಅದರ ಮೇಲೆ ತಾನೇ ಕೂತುಬಿಟ್ಟಳು. ನಡುಮನೆಯಲ್ಲಿದ್ದವರೆಲ್ಲ ನಕ್ಕರು. ವೇಣು ಒಂದು ಕ್ಷಣ ತಡವಾಗಿ ನಕ್ಕ.

ಭಾನುವಾರ. ಊಟ ಮುಗಿದಿತ್ತು. ಶ್ರೀನಿವಾಸಪುರದಿಂದ ಗಂಗಾಧರ್ ತನ್ನ ಸೋದರಮಾವ ಶ್ರೀರಾಮಪ್ಪನವರನ್ನು ಕರೆದುಕೊಂಡು ಬೈರಕೂರಿನ ಈ ಮನೆಗೆ ಬಂದಿದ್ದ. ಮನೆಯ ಕಿರಿಮಗಳು ಅನಿತಳನ್ನು ನೋಡುವ ಶಾಸ್ತ್ರ ಹೋದ ತಿಂಗಳೇ ಆಗಿತ್ತು. ಇವತ್ತು ನೋಡಬೇಕಾದದ್ದು ಅವನು ಬಂದು ಇರಬೇಕಾದ ಮನೆ.

ಮಲಯಾಳಂ ಪಿಕ್ಚರ್ ಎಂದರೆ ತನಗೆ ಪ್ರಾಣ, ಅವು ನ್ಯಾಚುರಲ್ ಆಗಿರುತ್ತವೆ ಎಂದು ಗಂಗಾಧರ್ ಊಟದ ನಡುವೆ ಹೇಳಿದ್ದ. ಅನಿತ ಟೀವಿಯಲ್ಲಿ ಹುಡುಕಿ ಒಂದನ್ನು ಹಾಕಿದಳು. ಕೆಳಗೆ ಅಕ್ಷರ ಬರಲಿಲ್ಲ. "ಭಾವಂಗೆ ಬರುತ್ತಲ್ಲ, ಹೇಳ್ತಾರೆ ಬಿಡಿ," ಎಂದಳು. ವೇಣು ಕೊಟ್ಟಾಯಂನಲ್ಲಿ ಓದಿದ ಎರಡು ವರ್ಷದ ಎಂ.ಎಸ್ಸಿ. ಈ ಮನೆಯಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಕಥೆ ಸುಲಭವಾಗಿತ್ತು. ಹೆಂಡತಿಯ ಮನೆಗೆ ಬಂದು ತಳವೂರಿದ ಒಬ್ಬ ಅಳಿಯ. ಅವನನ್ನು ಎಬ್ಬಿಸಿ ಕಳಿಸಲು ದಿನಕ್ಕೊಂದು ಉಪಾಯ ಹೂಡುವ ಮಾವ. ಅಳಿಯ ಬಾವಿಗೆ ಬೀಳುತ್ತಿದ್ದ, ಹಲಸಿನ ಅಂಟು ಮೆತ್ತಿಕೊಳ್ಳುತ್ತಿದ್ದ, ಆಡಿನಿಂದ ಗುದ್ದಿಸಿಕೊಳ್ಳುತ್ತಿದ್ದ. ಹೋಗುತ್ತಿರಲಿಲ್ಲ.

"ಮಾನ ಇಲ್ದೋನು," ಎಂದರು ವೇಣುವಿನ ಮಾವ ಕೋದಂಡರಾಮಪ್ಪ, ಎಲೆಗೆ ಸುಣ್ಣ ಸವರುತ್ತ.

ವೇಣುವೂ ಬಂದು ತಳವೂರಿದವನೇ. ಆದರೆ ಅವನನ್ನು ಮೇಳದೊಂದಿಗೆ ಕರೆತಂದಿದ್ದರು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನು ಇಲ್ಲಟಕ್ಕೆ ತರುವುದು ಆ ಕಡೆಯ ವಾಡಿಕೆ. ಹಾಗೆ ಬಂದವನು ಅಳಿಯನಲ್ಲ, ಮಗ. ರೇಷನ್ ಕಾರ್ಡಿನಲ್ಲಿಯೂ ಅವನ ಹೆಸರಿನ ಮುಂದೆ 'ಮಗ' ಎಂದೇ ಬರೆಸಿದ್ದರು. ಅತ್ತ ಹುಟ್ಟೂರು ಮಾಸ್ತಿಯಲ್ಲಿ ಅಣ್ಣ ಮುನಿಕೃಷ್ಣಪ್ಪ, ಮದುವೆಯಾದ ವಾರದಲ್ಲೇ, ವೇಣುವಿನ ಕೋಣೆಗೆ ಹಿಂಡಿಮೂಟೆ ತುಂಬಿ ಬೀಗ ಹಾಕಿದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೊಟ್ಟ ಮಗ ಕೊಟ್ಟ ಹಾಗೆ.

ಹನ್ನೊಂದು ತಿಂಗಳ ಹಿಂದೆ ಅವನ ಹೆಂಡತಿ, ಅನಿತಳ ಅಕ್ಕ ಶ್ವೇತ ಎಂಟು ದಿನದ ಜ್ವರದಲ್ಲಿ ಸತ್ತಳು. ಮಕ್ಕಳಿರಲಿಲ್ಲ. ವೇಣು ಅಳಲಿಲ್ಲ, ಅಳದೆ ಇದ್ದದ್ದನ್ನು ಊರು ಗಮನಿಸಿತು. ಹೆಂಡತಿ ಹೋದ ಮೇಲೆ ಇಲ್ಲಟದ ಅಳಿಯ ಏನಾಗುತ್ತಾನೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನರಸಾಪುರದ ಫ್ಯಾಕ್ಟರಿಗೆ ಹೋಗಲು ಮುಳಬಾಗಿಲಿನಲ್ಲಿ ಕಂಪನಿ ಬಸ್ಸಿಗೆ ನಿಂತಾಗ ಜೊತೆಯವರು ಒಂದು ದಾರಿ ತೋರಿಸಿದರು. "ಚಿಕ್ಕದೊಂದೈತಲ್ಲ, ಯೋಚ್ನೆ ಯಾಕೆ?"

ಮೊದಲು ಅವನಿಗೆ ಅಸಹ್ಯವಾಯಿತು. ಆಮೇಲೆ ಅವನು ಕಾದ. ಕಾಯುತ್ತಿದ್ದೆ ಎಂದು ಅವನಿಗೇ ತಿಳಿದದ್ದು ಫ್ರಿಜ್ಜಿನ ಮೇಲೆ ಗಂಗಾಧರನ ಫೋಟೋ ಕಂಡ ದಿನ.

ಈಗ ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು. ಇರು ಎಂದರೆ ಇರುತ್ತಿದ್ದ. ಹೋಗು ಎಂದರೆ ಎಲ್ಲಿಗೆಂದು ಗೊತ್ತಿರದಿದ್ದರೂ ಹೋಗುತ್ತಿದ್ದ. ಅತ್ತೆ ಮಾವ "ಊಟ ಆಯ್ತಾ" ಎಂದು ಕೇಳುತ್ತಿದ್ದರು. ಹನ್ನೊಂದು ತಿಂಗಳಿನಿಂದ ತಪ್ಪದೆ ಕೇಳುತ್ತಿದ್ದರು.

ಬೆಳಿಗ್ಗೆ ಬಂದವರಿಗೆ ಕೋದಂಡರಾಮಪ್ಪ ಮಾವಿನ ತೋಟ, ಬೋರ್‌ವೆಲ್ಲು, ಟೊಮೆಟೊ ಕ್ರೇಟುಗಳ ಶೆಡ್ಡು ತೋರಿಸಿ, ಕೊನೆಗೆ ಮಹಡಿಯ ಕೋಣೆಗೆ ಹತ್ತಿಸಿದ್ದರು. ಕೋಣೆ ವೇಣುವಿನದು. ಮಂಚದ ಮೇಲಿನ ಪಂಚೆಯನ್ನು ಅವನು ಅವಸರದಲ್ಲಿ ಮಡಿಸಿದ. ಗಂಗಾಧರ್ ಗೋಡೆ ತಟ್ಟಿ ನೋಡಿದ.

"ಏಸಿ ಇಲ್ಲಿ ಹಾಕಿಸ್ಬೋದು ಮಾವ. ಆದ್ರೆ ಆ ಮೂಲೆಗೆ ಗಾಳಿ ಹೋಗಲ್ಲ. ಅಡ್ಡ ಆಗುತ್ತೆ."

"ಅದನ್ನ ತೆಗೆಸಿದ್ರಾಯ್ತು ಬಿಡಪ್ಪ," ಎಂದು ಕೋದಂಡರಾಮಪ್ಪ ಮೂಲೆಯ ಕಡೆ ಕೈ ಬೀಸಿದರು.

ಮೂಲೆಯಲ್ಲಿ ಶ್ವೇತಳ ಬೀರು ಇತ್ತು. ಬೀರುವಿಗೆ ಒರಗಿಕೊಂಡು ವೇಣು ನಿಂತಿದ್ದ.

"ಏಮಪ್ಪಾ, ನಿದ್ದೆ ಬಂತಾ? ಅವನೇನೋ ಅಂದ್ನಲ್ಲ!" ಶ್ರೀರಾಮಪ್ಪ ಅವನ ಮೊಣಕಾಲು ತಟ್ಟಿದರು.

ಪರದೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಳಿಯ ಉಪ್ಪಿನಕಾಯಿ ಕೇಳಿದ್ದ, ಅಷ್ಟೆ. ವೇಣು ಬಾಯಿ ತೆರೆದ. ಬೇರೆ ಮಾತು ಬಂತು.

"ಊಟ ಆಯ್ತಾ ಅಂತ ಎಷ್ಟು ಸಲ ಕೇಳ್ತೀರಿ, ಬೇರೆ ಏನಾದ್ರೂ ಕೇಳಿ ಅಂದ."

ಶ್ರೀರಾಮಪ್ಪ ಹೋ ಎಂದು ನಕ್ಕರು. "ತಿನ್ನೋದು ಅವರ ಮನೇಲಿ, ಮೇಲಿಂದ ದೌಲತ್ತು ಬೇರೆ!"

"ಅಲ್ಲುಡು, ಮನೆ ಅಳಿಯ ಅಂದ್ರೆ ಹಂಗೇ ಇರ್ಬೇಕು ಮಾಮ," ಎಂದ ಗಂಗಾಧರ್, ಅನಿತಳ ಕಡೆ ನೋಡುತ್ತ. ಅನಿತ ಸೆರಗಿನಲ್ಲಿ ನಗುವನ್ನು ಒರೆಸಿಕೊಂಡಳು.

ಯಾರಿಗೂ ತಿಳಿಯಲಿಲ್ಲ. ವೇಣುವಿಗೆ ಅಂಗೈ ಬೆಚ್ಚಗಾಯಿತು. ಅವನು ಇನ್ನೊಂದು ಹೇಳಿ ನೋಡಿದ. ಮಾವ ಹಾಸಿಗೆಗೆ ಇರುವೆ ಬಿಟ್ಟಾಗ, "ನಿಮ್ಮ ಮಗನೇ ಆಗಿದ್ರೆ ಹೀಗೆ ಮಾಡ್ತಿದ್ರಾ ಅಂತಿದಾನೆ" ಎಂದ. ನಕ್ಕರು. ಆಡು ಅಟ್ಟಿಸಿಕೊಂಡು ಬಂದಾಗ, "ಹೆಂಡತಿ ಇಲ್ಲದೆ ಹೋದ್ರೆ ನಾನು ನಿಮಗೆ ಏನಾಗ್ಬೇಕು ಅಂತಿದಾನೆ" ಎಂದ. ಅದಕ್ಕೆ ಇನ್ನೂ ಹೆಚ್ಚು ನಕ್ಕರು. ಆ ಹೊತ್ತಿಗೆ ಅಳಿಯನ ಪಂಚೆ ಆಡಿನ ಕೊಂಬಿನಲ್ಲಿತ್ತು. ಗಂಗರತ್ನಮ್ಮನವರಿಗೆ ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು.

ಅನಿತ ಮಾತ್ರ ನಗುವುದನ್ನು ನಿಲ್ಲಿಸಿದ್ದಳು. ಅವಳು ಪರದೆಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದಳು.

ಕೊನೆಯ ಹೊತ್ತಿಗೆ ಅಳಿಯ ಗಂಟುಮೂಟೆ ಕಟ್ಟಿ ಅಂಗಳಕ್ಕಿಳಿದ. ಮಾವ ಜಗಲಿಯ ಮೇಲೆ ನಿಂತಿದ್ದ. ಅಳಿಯ ತಿರುಗಿ ನೋಡಿ, ಛತ್ರಿ ಮರೆತೆ ಎಂದ.

"ಏನಂತೆ?"

ವೇಣು ಹೇಳಿದ: "ಮಾವ, ನಾನು ಇರ್ಲಾ, ಹೋಗ್ಲಾ? ಒಂದು ಮಾತು ಹೇಳಿಬಿಡಿ. ಯಾವುದಾದ್ರೂ ಸರಿ. ಅಂತ ಕೇಳ್ತಿದಾನೆ."

ಪರದೆಯ ಮಾವನ ಮೀಸೆ ಅದುರಿತು. ಕ್ಯಾಮೆರಾ ಮುಖದ ಹತ್ತಿರಕ್ಕೆ ಹೋಯಿತು. ಮೇಲೆ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ವೇಣು ಟೀವಿಯನ್ನು ಬಿಟ್ಟು ಕೋದಂಡರಾಮಪ್ಪನವರ ಮುಖ ನೋಡಿದ. ಹನ್ನೊಂದು ತಿಂಗಳಲ್ಲಿ ಅಷ್ಟು ನೇರವಾಗಿ ನೋಡಿರಲಿಲ್ಲ.

ಕೋದಂಡರಾಮಪ್ಪ ಪೀಕದಾನಿಗೆ ಉಗಿದು ಬಾಯಿ ಒರೆಸಿಕೊಂಡರು.

"ಹೋಗೋಲೇ ಅನ್ಬೇಕು! ಇನ್ನೇನು, ಹಾರ ಹಾಕ್ಬೇಕಾ? ಬಾಯಿಬಿಟ್ಟು ಹೇಳ್ಸ್ಕೊಂಡು ಹೋಗೋನು ಅದ್ಯಾವ ಸೀಮೆ ಗಂಡ್ಸು?"

"ಕರೆಕ್ಟಾಗಿ ಹೇಳಿದ್ರಿ ನೋಡಿ ಬೀಗ್ರೇ!" ಶ್ರೀರಾಮಪ್ಪ ಕೈ ತಟ್ಟಿದರು. ನಗು ಮನೆ ತುಂಬಿತು.

"ಅವನೂ ಅದೇ ಅಂದ," ಎಂದ ವೇಣು. "ಹೋಗು ಅಂದ."

ಗಂಗರತ್ನಮ್ಮ ಕಣ್ಣಿಗೆ ಸೆರಗು ಹಚ್ಚಿದರು. "ಪಾಪ. ಎಲ್ಲಿಗೋಗ್ತಾನೆ ನಾಯ್ನಾ ಅವನು? ಹೊತ್ತು ಮುಳುಗ್ತಾ ಐತೆ." ನಿಜವಾದ ಕಣ್ಣೀರು. ವೇಣು ಅದನ್ನು ಆಸಕ್ತಿಯಿಂದ ನೋಡಿದ.

ಆಗ ಪರದೆಯ ಮಾವ ಓಡಿಬಂದು ಅಳಿಯನನ್ನು ತಬ್ಬಿಕೊಂಡ.

ಎಲ್ಲರೂ ಗಲಿಬಿಲಿಗೊಂಡರು.

"ಹೋಗು ಅಂದೋನು ತಬ್ಕೊಂಡ್ನಲ್ಲ?" ಎಂದ ಗಂಗಾಧರ್.

"ಕಳಿಸುವಾಗ ತಬ್ಬಿಕೊಳ್ತಾರೆ. ಅವರ ಕಡೆ ಹಾಗೆ."

"ಒಳಕ್ಕೆ ಕರ್ಕೊಂಡೋಗ್ತಾವ್ನಲ್ಲ!"

"ಊಟ ಮಾಡ್ಕೊಂಡು ಹೋಗು ಅಂದ."

"ಅದೂ ಸರಿಯೇ," ಎಂದರು ಗಂಗರತ್ನಮ್ಮ ಮೂಗೊರೆಸುತ್ತ. "ಎಷ್ಟಾದ್ರೂ ಹಸ್ಕೊಂಡಿರೋರನ್ನ ಕಳಿಸ್ಬಾರ್ದು."

ಪರದೆಯಲ್ಲಿ ಇಡೀ ಕುಟುಂಬ ಉದ್ದನೆಯ ಮೇಜಿನ ಸುತ್ತ ಕೂತಿತು. ಅತ್ತೆ ಅಳಿಯನ ಎಲೆಗೆ ಮೀನು ಬಡಿಸಿದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆಗ ಸದ್ದು ಹೋಯಿತು.

ರಿಮೋಟು ಅನಿತಳ ಕೈಯಲ್ಲಿತ್ತು.

"ಯಾಕೇ, ಏನಾಯ್ತೇ?" ಎಂದರು ಗಂಗರತ್ನಮ್ಮ.

"ಸದ್ದು ಯಾಕಮ್ಮ?" ಅನಿತ ರಿಮೋಟನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. "ಭಾವ ಹೇಳ್ತಾರಲ್ಲ."

"ಅದೂ ನಿಜ. ಹೇಳಪ್ಪ," ಎಂದರು ಕೋದಂಡರಾಮಪ್ಪ.

ವೇಣು ಪರದೆ ನೋಡಿದ. ಹತ್ತು ಹನ್ನೆರಡು ಬಾಯಿಗಳು ಅಲ್ಲಿ ತೆರೆದು ಮುಚ್ಚುತ್ತಿದ್ದವು. ಯಾವುದರಿಂದಲೂ ಏನೂ ಹೊರಬರುತ್ತಿರಲಿಲ್ಲ.

"ಏನಂತಾರೆ?"

ಅವನು ಹೇಳತೊಡಗಿದ. ಏನು ಹೇಳುತ್ತಿದ್ದೇನೆಂದು ಅವನಿಗೆ ಕೇಳಿಸುತ್ತಿರಲಿಲ್ಲ. ಅವರು ನಗುತ್ತಿದ್ದುದರಿಂದ ಏನೋ ಹೇಳುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಮೇಜಿನ ತುದಿಯಲ್ಲಿ ಇದುವರೆಗೂ ಕಾಣಿಸಿರದ ಒಬ್ಬಳು ಮುದುಕಿ ಬಾಯಿ ತೆರೆದಳು. ಅದು ನಗುವೋ, ಅಳುವೋ, ಆಕಳಿಕೆಯೋ. ತೆರೆದ ಬಾಯಿ ಮುಚ್ಚಲೇ ಇಲ್ಲ. ಅವಳು ಏನಂದಳೆಂದು ಕೇಳಲು ವೇಣು ನಡುಮನೆಯವರ ಕಡೆ ತಿರುಗಿದ.

ಪರದೆಯನ್ನು ಯಾರೂ ನೋಡುತ್ತಿರಲಿಲ್ಲ. ಐದೂ ಜನ, ಕತ್ತು ಮುಂದೆ ಚಾಚಿ, ಅವನ ತುಟಿಗಳನ್ನೇ ನೋಡುತ್ತಿದ್ದರು.