ಕಟ್ಟಿಸಿದ ಹಲ್ಲು

ವಿದೊಸಾವಾ ಹಲ್ಲು ಕಟ್ಟಿಸಿಕೊಂಡದ್ದು ಸೆಪ್ಟೆಂಬರಿನಲ್ಲಿ. ಡಿಸೆಂಬರಿನಲ್ಲಿ ಸಂತ ನಿಕೋಲಾನ ದಿನ, ಅವರ ಮನೆದೇವರ ಹಬ್ಬ. ಗಂಡ ತೀರಿಕೊಂಡ ಮೇಲೆ ಬಂದವರನ್ನು ಕೂರಿಸಿ ಉಣಿಸುವ ಯಜಮಾನಿಕೆ ಅವಳದೇ. ಹಿಂದಿನ ವರ್ಷ ಉಳಿದಿದ್ದ ಆರು ಹಲ್ಲು ಮುಚ್ಚಿಕೊಳ್ಳಲು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದ್ದಳು. ಈ ಸಲ ಹಾಗಾಗಬಾರದೆಂದು ಬೇಸಿಗೆಯಲ್ಲೇ ಆರನ್ನೂ ಕೀಳಿಸಿದ್ದಳು.

"ಮೊದಮೊದಲು ಒತ್ತುತ್ತೆ, ಹೊಂದಿಕೊಳ್ಳುತ್ತೆ ಬಿಡಿ," ಎಂದಿದ್ದರು ಹಲ್ಲಿನ ಡಾಕ್ಟರು. "ಹುಣ್ಣಾದ್ರೆ ಮಾತ್ರ ತಕ್ಷಣ ಬನ್ನಿ, ಒಂಚೂರು ಉಜ್ಜಿ ಸರಿ ಮಾಡ್ತೀನಿ."

ಶನಿವಾರದ ಸಂತೆಯಲ್ಲಿ ಅವಳು ಚೀಸು ಮಾರುತ್ತಿದ್ದಳು. ಹೊಸ ಹಲ್ಲು ಹಾಕಿಕೊಂಡು ಕೂಗಿದ ಮೊದಲ ದಿನ, ಬಾಯಿಂದ ಮಾತಿಗಿಂತ ಮುಂಚೆ ಸೀಟಿ ಹೊರಟಿತು.

"ಏನೇ ವಿದಾ, ರೈಲು ಬಂತಾ?" ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಕೋಸು ಮಾರುವ ಕೊಸಾರಾ ಕೇಳಿದಳು.

"ಬಂತು ಕಣೇ, ನಿನ್ನನ್ನ ಹತ್ತಿಸಿ ಕಳಿಸೋಕೆ!"

ಮನೆಯಲ್ಲಿ ಒಲೆಯ ಮುಂದೆ ಕೂತು ಪೇಪರು ಗಟ್ಟಿಯಾಗಿ ಓದಿ ಓದಿ ಸೀಟಿ ಕಡಿಮೆ ಮಾಡಿಕೊಂಡಳು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದುವುದು, ಸೇಬನ್ನು ಕಾಗದದಂತೆ ತೆಳ್ಳಗೆ ಹೆಚ್ಚುವುದು, ಎರಡೂ ಕಡೆ ಸಮವಾಗಿ ಅಗಿಯುವುದು ಕಲಿತಳು. ಅಂಗುಳಕ್ಕೆ ಪ್ಲಾಸ್ಟಿಕ್ಕು ಕೂತಿದ್ದರಿಂದ ಸೂಪಿನ ಬಿಸಿ ಗೊತ್ತಾಗದೆ ಎರಡು ಸಲ ಗಂಟಲು ಸುಟ್ಟುಕೊಂಡಳು.

ಅಕ್ಟೋಬರಿನಲ್ಲಿ ಕೆಳಗೆ ಎಡಗಡೆ ಹುಣ್ಣಾಯಿತು. ಹತ್ತಿಯನ್ನು ಪ್ಲಮ್ ಹಣ್ಣಿನ ಸಾರಾಯಿಯಲ್ಲಿ ನೆನೆಸಿ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು.

"ಡಾಕ್ಟ್ರಿಗೆ ತೋರಿಸ್ಬಾರ್ದೇನೇ?" ಎಂದಳು ಕೊಸಾರಾ.

"ತೋರಿಸಿದ್ರೆ ತಿಂಗಳುಗಟ್ಟಲೆ ಹಲ್ಲು ಹಾಕ್ಬೇಡ ಅಂತಾರೆ. ಹಬ್ಬದ ದಿನ ಬೊಚ್ಚು ಬಾಯಲ್ಲಿ ಕೂರ್ಲಾ? ಮುಗೀಲಿ, ಹೋಗ್ತೀನಿ."

ನವೆಂಬರಿನಲ್ಲಿ ಒಂದು ಬೆಳಿಗ್ಗೆ ನೋವು ಇರಲಿಲ್ಲ. ಮರುದಿನವೂ ಇರಲಿಲ್ಲ. ಹೊಂದಿಕೊಂಡಿತು ಎಂದು ಅವಳು ಖುಷಿಪಟ್ಟಳು. ಆದರೆ ಅಷ್ಟು ಭದ್ರವಾಗಿ ಕೂತಿದ್ದ ಕೆಳಗಿನ ಸೆಟ್ಟು ಎಡಗಡೆ ಏಳತೊಡಗಿತು. ಔಷಧದಂಗಡಿಯಿಂದ ಅಂಟು ತಂದು ಹಚ್ಚಿದಳು. ಮೊದಲ ಟ್ಯೂಬು ತಿಂಗಳು ಬಂತು, ಎರಡನೆಯದು ಒಂದೇ ವಾರ. ರಾತ್ರಿ ಸೆಟ್ಟು ತೆಗೆದಾಗ ನಾಲಗೆ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಬೇಯದ ಅವರೆಕಾಳೊಂದು ಒಸಡಿನೊಳಗೆ ಸಿಕ್ಕಿಕೊಂಡಂತೆ ಗಟ್ಟಿಯಾಗಿ ಏನೋ ಇತ್ತು. ಅವಳು ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲ.

"ಅತ್ತೆ, ದಿಂಬಿನ ಮೇಲೆ ಇದೇನು ಕಲೆ?" ಒಂದು ದಿನ ಸೊಸೆ ದುಶಿತ್ಸಾ ಕೇಳಿದಳು.

"ಬೀಟ್‌ರೂಟು."

"ಹಾಸಿಗೇಲಿ ಬೀಟ್‌ರೂಟ್ ತಿಂತೀರಾ?"

"ನಿನ್ನ ಕೆಲಸ ನೋಡ್ಕೋ ಹೋಗು."

ಅಂದಿನಿಂದ ದಿಂಬಿನ ಚೀಲವನ್ನು ತಾನೇ ಒಗೆದುಕೊಂಡಳು.

ಹಬ್ಬದ ದಿನ ಮೇಣದಬತ್ತಿ ಹಚ್ಚಿದರು. ಪಾದ್ರಿ ಪ್ರಾರ್ಥನೆ ಹೇಳಿ, ಹಬ್ಬದ ದುಂಡು ರೊಟ್ಟಿಯನ್ನು ಶಿಲುಬೆಯಾಕಾರಕ್ಕೆ ಕೊಯ್ದು ವೈನು ಸುರಿದರು. ಅವರೂ ವಿದೊಸಾವಾಳೂ ಮಗ ರಾಟ್ಕೊನೂ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ವಿದೊಸಾವಾ ಬಗ್ಗಿ ರೊಟ್ಟಿಗೆ ಮುತ್ತಿಟ್ಟಳು, ಮೂರು ಸಲ. ತಲೆ ಎತ್ತಿದಾಗ ರೊಟ್ಟಿಯ ಅಂಚಿನಲ್ಲಿ ಕೆಂಪು ಗುರುತಿತ್ತು. ಪ್ರತಿವರ್ಷ ಕೆಂಪು ವೈನೇ ಸುರಿಯುತ್ತಿದ್ದರಿಂದ ಎಲ್ಲರೂ ವೈನೆಂದುಕೊಂಡರು. ಆದರೆ ಆ ದಿನ ಸುರಿದದ್ದು ಬಿಳಿ ವೈನು. ಅದನ್ನು ಸೀಸೆಯಿಂದ ಬಗ್ಗಿಸಿದ್ದವಳು ದುಶಿತ್ಸಾ. ಅವಳು ಗುರುತಿದ್ದ ತುಂಡನ್ನು ಯಾರ ತಟ್ಟೆಗೂ ಹೋಗಲು ಬಿಡದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಅತ್ತೆಯನ್ನು ಅಡುಗೆಮನೆಗೆ ಕರೆದಳು.

"ಬಾಯಿ ತೆಗೀರಿ."

"ಜನ ಕಾಯ್ತಿದಾರೆ, ಮೀನು ಆರೋಗುತ್ತೆ—"

"ಬಾಯಿ ತೆಗೀರಿ ಅತ್ತೆ!"

ಸೆಟ್ಟು ಹೊರಬಂತು. ದುಶಿತ್ಸಾ ಕಿಟಕಿಯ ಬೆಳಕಿಗೆ ಅತ್ತೆಯ ಗಲ್ಲ ತಿರುಗಿಸಿ ನೋಡಿದಳು. ಎಡ ಒಸಡಿನ ಗಡ್ಡೆಯಿಂದ ರಕ್ತ ಒಸರುತ್ತಿತ್ತು.

"ನೋವಿಲ್ವಾ?"

"ಇಲ್ಲ ಕಣಮ್ಮ. ಅದಕ್ಕೇ ಸುಮ್ಮನಿದ್ದೆ."

ವಿದೊಸಾವಾ ಸೆಟ್ಟನ್ನು ತೊಳೆದು, ಅಂಟು ಹಚ್ಚಿ, ಮತ್ತೆ ಹಾಕಿಕೊಂಡು ಹೊರಗೆ ಹೋದಳು. ಕೊನೆಯ ಅತಿಥಿ ಏಳುವವರೆಗೂ ನಗುತ್ತ ಬಡಿಸಿದಳು. ಸೊಸೆಯ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ.

ಮರುದಿನ ಹಲ್ಲಿನ ಡಾಕ್ಟರು ಬಹಳ ಹೊತ್ತು ನೋಡಿದರು. ದವಡೆಯ ಕೆಳಗೆ, ಕತ್ತಿನಲ್ಲಿ, ಬೆರಳಿನಿಂದ ಒತ್ತಿ ಹುಡುಕಿದರು. ಆಮೇಲೆ ಬೆನ್ನು ತಿರುಗಿಸಿ ಕೈ ತೊಳೆಯುತ್ತ ಕೇಳಿದರು: "ಯಾವಾಗಿಂದ?"

"ಅಕ್ಟೋಬರಿಂದ."

"ಆಗ್ಲೇ ಯಾಕೆ ಬರ್ಲಿಲ್ಲ?"

ಅವರು ನೋವಿಸಾದ್‌ನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

"ಹಲ್ಲು ಹಾಕ್ಕೊಳ್ಳಲಾ ಡಾಕ್ಟ್ರೇ?"

"ಬೇಡಮ್ಮ. ಈಗ ಬೇಡ."

ಜನವರಿಯಲ್ಲಿ ಎಡ ದವಡೆಯ ಮೂಳೆಯನ್ನು ತೆಗೆದರು. ಕ್ಯಾನ್ಸರು ಕತ್ತಿನ ಗಂಟುಗಳಿಗೂ ಹರಡಿತ್ತಂತೆ. ಗಾಯ ಮಾಗಿದ ಮೇಲೆ ಮೂವತ್ತು ಸಲ ಕರೆಂಟು ಕೊಡಬೇಕೆಂದರು. ದುಶಿತ್ಸಾ ದಿನಾ ಅವಳನ್ನು ಬಸ್ಸಿನಲ್ಲಿ ಕರೆದೊಯ್ದಳು. ಮಾತು ಯಾರಿಗೂ ಅರ್ಥವಾಗದ ಕಾರಣ ವಿದೊಸಾವಾ ಪುಟ್ಟ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದಳು: ಕಿಟಕಿ ಹಾಕು, ಬಾಯಾರಿಕೆ, ರಾಟ್ಕೊ ಉಂಡನಾ.

ಇಪ್ಪತ್ತೆರಡನೆಯ ದಿನ ಆಸ್ಪತ್ರೆಯ ಡಾಕ್ಟರು ದುಶಿತ್ಸಾಳೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ವಾಪಸು ಬರುವಾಗ ಬಸ್ಸು ಡ್ಯಾನ್ಯೂಬ್ ನದಿಯ ಸೇತುವೆ ಹತ್ತಿತು. ವಿದೊಸಾವಾ ಪುಸ್ತಕ ತೆಗೆದು ಬರೆದಳು: ಏನಂದ್ರು?

ದುಶಿತ್ಸಾ ಓದಿದಳು. ಅತ್ತೆಯ ಕುತ್ತಿಗೆಗೆ ಸುತ್ತಿದ್ದ ಶಾಲನ್ನು ಸರಿಮಾಡಿದಳು.

"ಮನೆಗೆ ಹೋಗಿ ಮಾತಾಡೋಣ ಅತ್ತೆ," ಎಂದಳು.

ವಿದೊಸಾವಾ ಪೆನ್ಸಿಲನ್ನು ಪುಸ್ತಕದೊಳಗಿಟ್ಟು ಮುಚ್ಚಿದಳು. ಸೇತುವೆ ದಾಟುವವರೆಗೂ ಇಬ್ಬರೂ ನೀರನ್ನೇ ನೋಡುತ್ತಿದ್ದರು.