ಕೆಂಪಾನೆಯ ಹತ್ತನೇ ವರ್ಷ

ನಮ್ಮ ಹರ್ಷವನಕ್ಕೆ ಟಿಕೆಟ್ ಇಲ್ಲದೆ ನುಸುಳಿದವರು ಬೇಕಾದಷ್ಟು ಜನ ಇದ್ದಾರೆ. ಅಭಿಪ್ರಾಯವಿಲ್ಲದೆ ಹೊರಗೆ ಹೋದವರನ್ನು ಮಾತ್ರ ನಾನು ಕಂಡಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿರುವ ಪಾರ್ಕು ಇದು. ಒಂದು ಪುಟಾಣಿ ರೈಲು, ದೋಣಿ ಬಿಡಲು ಒಂದು ಹೊಂಡ, ಎರಡು ಜಾರುಬಂಡೆ, ಬಾಗಿಲಲ್ಲೇ ಹದಿನೆಂಟು ಅಡಿ ಎತ್ತರದ ಸಿಮೆಂಟಿನ ಆನೆ. ಇಷ್ಟಕ್ಕೇ ಪ್ರತಿ ಭಾನುವಾರ ತಪ್ಪದೆ ಬರುವ ಅಭಿಮಾನಿಗಳಿದ್ದಾರೆ. ನಾನು ವಾದಿರಾಜ, ಎಲ್ಲರ ಬಾಯಲ್ಲಿ ಆಚಾರ್ರು, ಟಿಕೆಟ್ ಹರಿಯುವವನು. ಗೇಟಿನ ಪಕ್ಕದ ಅಭಿಪ್ರಾಯ ಪೆಟ್ಟಿಗೆಯ ಬೀಗದಕೈಯೂ ನನ್ನ ಹತ್ತಿರವೇ ಇರುತ್ತದೆ. ಹತ್ತು ವರ್ಷ ಆ ಚೀಟಿಗಳನ್ನು ಓದಿ ಓದಿ ಮನುಷ್ಯರ ಮೇಲೆ ನನಗಿದ್ದ ಗೌರವ ಸಾಕಷ್ಟು ಇಳಿದಿದೆ.

೨೦೦೭ರಲ್ಲಿ ಪಾರ್ಕಿಗೆ ಹತ್ತು ವರ್ಷ ತುಂಬಿತು. ಮಾಲೀಕರಾದ ಕೊಟ್ರಬಸಪ್ಪನವರು ಹದಿನೈದು ದಿನದ ಅಲಂಕಾರಕ್ಕೆ ಅಪ್ಪಣೆ ಕೊಟ್ಟರು. ಆನೆಯ ತಲೆಗೆ ಥರ್ಮಾಕೋಲಿನ ಕಿರೀಟ, ಕಿರೀಟದಲ್ಲಿ ಮಿನುಗುವ ಹತ್ತರ ಅಂಕಿ, ಸೊಂಡಿಲಿಗೆ ಸೀರಿಯಲ್ ದೀಪ. ಕೆಲಸ ಓಬಳಪ್ಪನ ಪಾಲಿಗೆ ಬಂತು. ಆ ಆನೆಯನ್ನು ಮಾಡಿದವನೂ ಅವನೇ. ಈಗ ಅದಿರಿನ ಲಾರಿಗಳ ಹಿಂದೆ ನಂಬರು ಬರೆದುಕೊಂಡಿದ್ದಾನೆ. ಅವನ ಹೆಂಡತಿ ಉಚ್ಚೆಂಗಮ್ಮ ನಮ್ಮ ಗೇಟಿನ ಹೊರಗೆ ಮಂಡಕ್ಕಿ, ಮಿರ್ಚಿ ಮಾರುತ್ತಾಳೆ.

ಧೂಳಿನ ಮೇಲೆ ಕಿರೀಟ ಅಂಟಲಿಲ್ಲ. ಓಬಳಪ್ಪ ನೀರಿನ ಟ್ಯಾಂಕರ್ ತರಿಸಿ, ಏಣಿ ಹತ್ತಿ, ಆನೆಗೆ ಸ್ನಾನ ಮಾಡಿಸಿದ. ಅರ್ಧ ದಿನ ಕೆಂಪು ನೀರು ಹರಿದು ಹೂವಿನ ಮಡಿಗಳೆಲ್ಲ ರಾಡಿಯಾದವು. ನಾಲ್ಕೈದು ವರ್ಷದಿಂದ ಹಗಲೂ ರಾತ್ರಿ ಅದಿರು ಹೊತ್ತು ಓಡಿದ ಲಾರಿಗಳ ಧೂಳು ಅದು. ಅದರ ಕೆಳಗಿನಿಂದ ತಿಳಿನೀಲಿ ಆನೆ ಹೊರಬಂತು. ಬೆನ್ನಿನಿಂದ ಮೊಣಕಾಲಿನ ಕೆಳಗಿನವರೆಗೂ ಇಳಿಬಿದ್ದ ಹಳದಿ ಜೂಲು, ಉಗುರಿಗೆ ಗುಲಾಬಿ ಬಣ್ಣ, ಜೂಲಿನ ಅಂಚಿನುದ್ದಕ್ಕೂ ಉಂಗುರದಂಥ ಗುರುತುಗಳ ಸಾಲು.

ಉಚ್ಚೆಂಗಮ್ಮ ಬಾಣಲೆ ಇಳಿಸಿ ಓಡಿಬಂದು ಆ ಗುರುತುಗಳನ್ನು ಒಂದೊಂದಾಗಿ ಮುಟ್ಟಿದಳು. ಹತ್ತು ವರ್ಷದ ಹಿಂದೆ ಹಸಿ ಸಿಮೆಂಟಿಗೆ ಅವಳು ತನ್ನ ಕೈಬಳೆಗಳನ್ನು ಬಿಚ್ಚಿ ಒತ್ತಿದ ಗುರುತು ಅವು. ನಡುವೆ ಒಂದು ಕಡೆ ಅರ್ಧ ವೃತ್ತವಷ್ಟೇ ಇತ್ತು. ಅಲ್ಲಿ ಬಳೆ ಒಡೆದಿತ್ತಂತೆ, ಗಂಡ ಬೈದಿದ್ದನಂತೆ. ಆ ಬೈಗುಳವನ್ನೂ ಅವಳು ನನಗೆ ಒಪ್ಪಿಸಿದಳು. ಇಷ್ಟು ವರ್ಷ ಅವಳು ಆನೆಯಲ್ಲಿ ತನ್ನ ಬಳೆಗಳಿವೆ ಎಂದಾಗಲೆಲ್ಲ ನಾನು ಹೂಂಗುಟ್ಟಿ ಚಿಲ್ಲರೆ ಎಣಿಸಿದವನು. ನಾಚಿಕೆಯಾಯಿತು.

ಭಾನುವಾರ ಅಭಿಮಾನಿಗಳು ಬಂದರು. ಪೆಟ್ಟಿಗೆ ತುಂಬಿ ಹೊರಚೆಲ್ಲಿತು.

ಕಿರೀಟದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರೆಲ್ಲ ನೀಲಿಯ ಬಗ್ಗೆ. ಅಲಂಕಾರ ಅತಿಯಾಯಿತು, ಆನೆಗೆ ಬಣ್ಣ ಬಳಿಯುವ ಅಗತ್ಯವೇನಿತ್ತು ಎಂದು ಒಬ್ಬರು. ಮರಿಯಮ್ಮನಹಳ್ಳಿಯ ಬೀಗರಿಗೆ ಕೆಂಪಾನೆ ತೋರಿಸುತ್ತೇನೆಂದು ಕರೆತಂದು ಮರ್ಯಾದೆ ಹೋಯಿತು ಎಂದು ಇನ್ನೊಬ್ಬರು. ಕಂಪ್ಲಿಯ ಅಕ್ಕಿ ಗಿರಣಿಯವರೊಬ್ಬರು ಎರಡು ಪುಟ ಬರೆದು, ಹಬ್ಬ ಮುಗಿದ ಮಾರನೇ ದಿನವೇ ಈ ನೀಲಿಯನ್ನು ತೆಗೆಯದಿದ್ದರೆ ತಮ್ಮ ಮನೆಯ ಹದಿಮೂರು ಜನರೂ ಬರುವುದಿಲ್ಲವೆಂದು ಬೆದರಿಸಿದ್ದರು. ತೊಳೆದದ್ದನ್ನೇ ಜನ ಅಲಂಕಾರವೆಂದುಕೊಂಡಿದ್ದರು. ಮೈತುಂಬ ಧೂಳು ಹೊತ್ತ ಆನೆಯೇ ಅವರಿಗೆ ನಿಜವಾದ ಆನೆ.

ನಾನು ಗೇಟಿನಲ್ಲಿ ನಿಂತು, ಮೊದಲಿನಿಂದಲೂ ಇದು ನೀಲಿಯೇ ಎಂದು ಹೇಳಿ ನೋಡಿದೆ. ಆದರೆ ಎದುರಿಗೆ ಪಂಪೇಶ್ ಇದ್ದ. ಹಂಪಿಯಲ್ಲಿ ಗೈಡ್ ಆಗಿರುವ ಅವನು ವಾರಕ್ಕೊಮ್ಮೆ ಮಗಳು ಅಂಜಲಿಯನ್ನು ಕರೆದುಕೊಂಡು ಬರುತ್ತಾನೆ. ಕಲ್ಲು, ಗಾರೆ, ಆನೆಯ ವಿಷಯಕ್ಕೆ ಅವನ ಮಾತೇ ಕೊನೆ. ಅವನು ಆನೆಯನ್ನು ಒಂದು ಸುತ್ತು ಹಾಕಿ, ಕಾಲನ್ನು ಬೆರಳಿನಿಂದ ಕೆರೆದು, ಹತ್ತಿಪ್ಪತ್ತು ಜನರ ಮುಂದೆ ತೀರ್ಪು ಕೊಟ್ಟ.

"ಒರಿಜಿನಲ್ ಕೆಂಪು ರೀ. ನೀಲಿ ಆಮ್ಯಾಲಿನವರು ಬಳದಿದ್ದು. ಹಂಪ್ಯಾಗ ನಾವು ಇಂಥವು ದಿನಾ ನೋಡ್ತೀವಿ."

ಜನ ತಲೆದೂಗಿದರು. ಏಣಿಯ ಮೇಲೆ ದೀಪ ಸರಿಮಾಡುತ್ತಿದ್ದ ಓಬಳಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಮುಂದಿನ ದೀಪಕ್ಕೆ ಕೈ ಹಾಕಿದ. ನನಗೆ ಮಾತ್ರ ಮೈ ಉರಿಯಿತು, ಪಂಪೇಶನ ಚಿಲ್ಲರೆಯನ್ನು ಬೇಕೆಂದೇ ತಡಮಾಡಿ ಕೊಟ್ಟೆ.

ಹದಿನೈದನೇ ದಿನ ಕೊಟ್ರಬಸಪ್ಪನವರು ಚೀಟಿಗಳ ಲೆಕ್ಕ ಕೇಳಿದರು. ನೀಲಿಯನ್ನು ಉಳಿಸಿ ಎಂದವು ಒಂಬತ್ತೇ ಒಂಬತ್ತು. ಅದರಲ್ಲಿ ನಾಲ್ಕನ್ನು ಉಚ್ಚೆಂಗಮ್ಮ ಹೇಳಿದಂತೆ ನಾನೇ ಬರೆದಿದ್ದೆ, ಎರಡು ಎಡಗೈಯಲ್ಲಿ. ಬೇಡ ಎಂದವು ಇನ್ನೂರರ ಮೇಲೆ. ಇದಕ್ಕಿಂತ ಹೆಚ್ಚು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

ಸಾಹುಕಾರರು ಓಬಳಪ್ಪನನ್ನು ಕರೆಸಿ, ಜನ ಕೆಂಪು ಕೇಳುತ್ತಿದ್ದಾರೆ, ಒಳ್ಳೆಯ ಎಣ್ಣೆಬಣ್ಣ ತಂದು ಮೈತುಂಬ ಎರಡು ಕೈ ಕೆಂಪು ಹೊಡೆದುಬಿಡು, ಶಾಶ್ವತವಾಗಿ ಇರಲಿ ಎಂದರು. ಕೂಲಿಯೂ ಕೈತುಂಬ ಎಂದರು. ಎರಡು ಕೈ ಎಣ್ಣೆಬಣ್ಣ ಬಿದ್ದರೆ ಆ ಬಳೆಗಳ ಗುರುತು ಮುಚ್ಚಿಯೇ ಹೋಗುತ್ತಿತ್ತು. ಇವನು ಒಪ್ಪದಿದ್ದರೆ ಬೇರೆ ಯಾರಾದರೂ ಬಂದು ಹೊಡೆಯುತ್ತಿದ್ದರು.

ಓಬಳಪ್ಪ ರಸ್ತೆಯ ಕಡೆ ನೋಡಿದ. ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು.

"ಬಣ್ಣ ಯಾಕ್ರಿ ಸಾವ್ಕಾರ್ರ? ಎರಡು ತಿಂಗಳು ಸುಮ್ಕಿರ್ರಿ. ಲಾರಿ ಪುಕ್ಕಟೆ ಹೊಡದು ಕೊಡ್ತಾವ," ಎಂದ.

ಪುಕ್ಕಟೆ ಎಂದರೆ ಸಾಹುಕಾರರ ಮುಖ ಅರಳುತ್ತದೆ. ಅವರು ನಕ್ಕು ಒಪ್ಪಿಕೊಂಡರು. ಓಬಳಪ್ಪ ಹೊರಗೆ ಬಂದಾಗ ನಾನು ತಡೆದು ನಿಲ್ಲಿಸಿ, ಧೂಳು ಕೂತರೂ ಆ ಗುರುತು ಮುಚ್ಚುವುದೇ, ಬಂದ ಕೂಲಿ ಬಿಡುವ ಹುಚ್ಚು ಯಾಕೆ ಎಂದು ಬೈದೆ.

"ಬಣ್ಣ ಬಿದ್ರ ಮುಗೀತು ಆಚಾರ್ರ," ಎಂದ. "ಧೂಳ ಕೆಳಗಾದ್ರ, ಇರ್ತಾವ."

ಕಿರೀಟ ಇಳಿಯಿತು, ದೀಪ ಬಿಚ್ಚಿದರು. ಲಾರಿಗಳು ಒಂದು ದಿನವೂ ರಜೆ ಹಾಕದೆ ತಮ್ಮ ಕೆಲಸ ಮಾಡಿದವು. ಎರಡು ತಿಂಗಳು ಬೇಕಾಗಲಿಲ್ಲ, ಏಳನೇ ವಾರಕ್ಕೇ ಆನೆ ಕಿವಿಯಿಂದ ಉಗುರಿನ ತನಕ ಕೆಂಪಾಯಿತು. ಪೆಟ್ಟಿಗೆಯಲ್ಲಿ ಅಭಿನಂದನೆಗಳ ಸುರಿಮಳೆ. ಕಂಪ್ಲಿಯವರು ಹದಿಮೂರು ಜನರ ಪರವಾಗಿ ಧನ್ಯವಾದ ಬರೆದರು. ಜನರ ಅಭಿಪ್ರಾಯಕ್ಕೆ ಬೆಲೆ ಕೊಟ್ಟಿದ್ದೀರಿ ಎಂದು ಪಂಪೇಶನೂ ಒಂದು ಚೀಟಿ ಹಾಕಿದ. ಅದನ್ನು ನಾನು ಹರಿದೆ.

ಆದರೆ ದಿನಾ ಬೆಳಿಗ್ಗೆ ಗೇಟು ತೆರೆಯುವ ಮೊದಲು ಉಚ್ಚೆಂಗಮ್ಮ ಒಳಗೆ ಬರುತ್ತಿದ್ದಳು. ಸೆರಗಿನ ತುದಿ ಒದ್ದೆ ಮಾಡಿಕೊಂಡು ಜೂಲಿನ ಅಂಚಿನ ಆ ಒಂದು ಸಾಲನ್ನಷ್ಟೇ ಒರೆಸುತ್ತಿದ್ದಳು. ಅದು ಮಕ್ಕಳ ಕೈಗೆ ಎಟಕುವ ಎತ್ತರ. ದೊಡ್ಡವರು ಕಿರೀಟವಿದ್ದ ಕಡೆ ನೋಡುವವರು, ಯಾರೂ ಗಮನಿಸಲಿಲ್ಲ. ನಾನು ಗಮನಿಸಿಯೂ ಗಮನಿಸದವನಂತೆ ಟಿಕೆಟ್ ಪುಸ್ತಕ ಜೋಡಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಸಂಜೆ ಪೆಟ್ಟಿಗೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಚೀಟಿ ಸಿಕ್ಕಿತು. ಕೆಳಗೆ ಅಂಜಲಿ, ಮೂರನೇ ತರಗತಿ, ಹಂಪಿ ಎಂದಿತ್ತು. ನಾನು ಅದನ್ನು ಹಿಡಿದುಕೊಂಡು ಮಿರ್ಚಿ ಗಾಡಿಗೆ ಹೋದೆ. ಓಬಳಪ್ಪನೂ ಅಲ್ಲೇ ಕುಳಿತಿದ್ದ. ಇಬ್ಬರಿಗೂ ಕೇಳುವಂತೆ ಓದಿದೆ.

"ಹಬ್ಬದ ಅಲಂಕಾರ ಎಲ್ಲಾ ತೆಗೆದಿದ್ದೀರಿ. ಬಳೆ ತೆಗೆಯುವುದು ಮರೆತಿದ್ದೀರಿ. ನಾನು ಕೈ ಇಟ್ಟು ನೋಡಿದೆ, ನಮ್ಮ ಅಮ್ಮನ ಬಳೆಯಷ್ಟೇ ಇವೆ. ದಯವಿಟ್ಟು ಮರೆತೇ ಇರಿ."

ಓಬಳಪ್ಪ ಮುಖ ಆಚೆ ತಿರುಗಿಸಿದ. ಉಚ್ಚೆಂಗಮ್ಮ ಬಾಣಲೆಯಲ್ಲಿದ್ದ ಮಿರ್ಚಿಗಳು ಕರಕಲಾಗುವವರೆಗೂ ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡಿದಳು.

"ಇನ್ನೊಂದ್ಸಲ ಓದ್ರಿ, ಆಚಾರ್ರ," ಎಂದಳು.

ಓದಿದೆ.