ರಮಜಾನಬಿ ಎಣಿಸಿದ ಚರಿಗೆಗಳು

“ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ಲವಾ, ಎಲ್ಲಾರೂ ಕಲ್ಲ ಇದ್ದಂಗ ಅದೀವಿ,” ಎಂದು ಕಾಶಿಬಾಯಿ ಬಾಗಿಲಿಗೆ ಅಡ್ಡ ನಿಂತು ಹೇಳಿ ಮುಗಿಸಿರಲಿಲ್ಲ, ಎದುರು ಮನೆಯ ಕಟ್ಟೆಯಿಂದ ರಮಜಾನಬಿಯ ದನಿ ಬಂತು.

“ಸುಳ್ಳ ಹೇಳ್ತಾಳ, ಬರಕೋ ಶಾಹಿಸ್ತಾ. ಹೊತ್ತ ಹುಟ್ಟಿದಾಗಿಂದ ಮೂರು ಸಲ ಚರಿಗಿ ಹಿಡಕೊಂಡು ಜಾಲಿಗಂಟಿ ಕಡೆ ಓಡ್ಯಾಳ. ಮೂರನೇದ್ದಕ್ಕ ಚಪ್ಪಲಿ ಸೈತ ಬಿಟ್ಟು ಓಡಿದ್ಲು.”

ಓಣಿಯೆಲ್ಲ ನಕ್ಕಿತು. “ನನ್ನ ಚರಿಗಿ ಎಣಸಾಕ ನಿನಗ ಸರಕಾರ ಪಗಾರ ಕೊಡತೈತೇನ, ಮುದಿಕಿ?” ಎಂದು ಬೈಯುತ್ತಲೇ ಕಾಶಿಬಾಯಿ, ಆಶಾ ಕಾರ್ಯಕರ್ತೆ ಶಾಹಿಸ್ತಾ ನೀಡಿದ ಓಆರ್‌ಎಸ್ ಪೊಟ್ಟಣಕ್ಕೆ ಕೈ ಚಾಚಿದಳು.

ರಮಜಾನಬಿ ಅಂದರೆ ಏನೆಂದುಕೊಂಡಿರಿ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಅವಳ ಅಪ್ಪಣೆಯಿಲ್ಲದೆ ಒಂದು ನೆಗಡಿ ಸಹ ಗಡಿ ದಾಟುತ್ತಿರಲಿಲ್ಲ. ಬಾಗೇವಾಡಿಯಲ್ಲಿ ಯಾರೋ ಸೀನಿದರೆ ಇಲ್ಲಿ ಅವಳು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದಳು. ಕೆಮ್ಮು ಕೇಳಿಯೇ ಅದು ಬೀಡಿಯದೋ, ಹೊಸ ಜ್ವರದ್ದೋ, ಸೊಸೆಯ ಮೇಲಿನ ಸಿಟ್ಟಿನದೋ ಹೇಳಿಬಿಡುವಳು. ಮಳೆಗಾಲ ಹಿಡಿದೊಡನೆ ನಾಲ್ಕೂ ತಾಲ್ಲೂಕಿಗೆ ಆದೇಶ ಬರುತ್ತದೆ: ಕೆಮ್ಮು, ನೆಗಡಿ, ವಾಂತಿ, ಭೇದಿ ಯಾರಿಗಿದೆಯೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೂ ಹೋಗಿ ಕೇಳಿ ಸಂಜೆಯೊಳಗೆ ತಿಳಿಸಬೇಕು. ಬೇರೆ ಊರುಗಳಲ್ಲಿ ಗಂಟಲು ಹರಿದುಕೊಂಡರೂ ಸಿಗುವ ಉತ್ತರ “ಆರಾಮ ಅದೀವ್ರಿ” ಎಂಬುದೊಂದೇ. ಭೇದಿ ಹತ್ತಿದೆಯೆಂದು ಹೇಳಿಕೊಳ್ಳಲು ಯಾರಿಗೆ ನಾಚಿಕೆಯಿಲ್ಲ? ಶಾಹಿಸ್ತಾಳ ಪುಣ್ಯ ಮಾತ್ರ ಗುಡ್ಡದಷ್ಟು. ಅತ್ತೆ ರಮಜಾನಬಿಯೇ ಅವಳ ದುರ್ಬೀನು. ಸರಕಾರ ಕಟ್ಟಿಸಿಕೊಟ್ಟ ಪಾಯಖಾನೆಗಳಲ್ಲಿ ಊರವರು ಕಟ್ಟಿಗೆ ತುಂಬಿದ್ದರಿಂದ ಬಯಲಿಗೆ ಹೋಗುವ ಎಲ್ಲರ ನೀರಿನ ಚರಿಗೆಯೂ ಆ ಕಟ್ಟೆಯ ಮುಂದೆಯೇ ಹಾಯಬೇಕು.

ಬಳಕೆಯಲ್ಲಿದ್ದ ಪಾಯಖಾನೆ ಒಂದೇ, ಅದು ರಮಜಾನಬಿಯ ಹಿತ್ತಲಲ್ಲಿತ್ತು. ಆಶಾ ಕಾರ್ಯಕರ್ತೆಯ ಮನೆ ನೋಡಿ.

“ನನ್ನ ಸೊಸಿ ಇರೋತನಕ ಈ ಮನಿಗೆ ಯಾವ ಬ್ಯಾನೀನೂ ಬರೂದಿಲ್ಲ. ಬಂದ್ರೂ ನಾ ಕಟ್ಟಿ ಹತ್ತಗೊಡೂದಿಲ್ಲ,” ಎಂದು ಅವಳು ಹೋಗುವ ಬರುವವರಿಗೆಲ್ಲ ಸಾರುತ್ತಿದ್ದಳು.

ಆ ದಿನ ಶಾಹಿಸ್ತಾ ಕೆಳಗಿನ ಓಣಿ ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹಿತ್ತಲ ಹಗ್ಗದ ಮೇಲೆ ಅತ್ತೆಯ ಸೀರೆಗಳೆಲ್ಲ, ಹಬ್ಬಕ್ಕೆಂದು ಮಡಿಸಿಟ್ಟದ್ದೂ ಸೇರಿ, ಒಗೆದು ಹರವಿದ್ದವು. ಸೊಸೆಯ ಹಳೆಯ ಸೀರೆ ಸುತ್ತಿಕೊಂಡು ರಮಜಾನಬಿ ಪಾಯಖಾನೆಯ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಶಾಹಿಸ್ತಾ ಅವಳ ಮುಂಗೈಯ ಚರ್ಮ ಚಿವುಟಿ ಬಿಟ್ಟಳು. ಮೈಯಲ್ಲಿ ನೀರಿಲ್ಲದೆ ಮಡಿಕೆ ಹಾಗೆಯೇ ನಿಂತಿತು.

“ಯಾವಾಗಿಂದ, ಅತ್ತಿ?”

“ಏನಿಲ್ಲವಾ. ಒಂದೀಟ ಹೊಟ್ಟಿ ನುಲಿಸೇತಿ.”

“ಮುಂಜಾನಿ ನನ್ನ ಮುಂದ ಯಾಕ ಹೇಳಲಿಲ್ಲ?”

“ಆಶಾನ ಮನ್ಯಾಗ ಬ್ಯಾನಿ ಹೊಕ್ಕೈತಿ ಅಂದ್ರ ನಾಳೆ ನಿನ್ನ ಮಾತ ಯಾರ ಕೇಳ್ತಾರ? ಕಾಶಿ ಬ್ಯಾರೆ ನಗತಾಳ.” ಆಮೇಲೆ, “ನೀನೂ ಕೇಳಲಿಲ್ಲಲ್ಲ,” ಎಂದಳು.

ಕೇಳಿರಲಿಲ್ಲ. ಎದುರು ಮನೆಯಿಂದ ಶುರುಮಾಡಿ, ಊರೆಲ್ಲ ಸುತ್ತಿ, ಪಕ್ಕದ ಮನೆಗೆ ಮುಗಿಸುವುದು ಶಾಹಿಸ್ತಾಳ ರೂಢಿ. ತನ್ನ ಹೊಸ್ತಿಲಲ್ಲಿ ನಿಂತು ಅವಳು ಯಾರನ್ನು ಕೇಳಬೇಕಿತ್ತು?

ಚಮಚದಲ್ಲಿ ಕುಡಿಸಿದ್ದೆಲ್ಲ ಹೊರಗೆ ಬಂತು. ಆಂಬುಲೆನ್ಸು ಬೇರೆ ಊರಿಗೆ ಹೋಗಿತ್ತು. ಓಣಿಯ ಫಿರೋಜ ಲಿಂಬೆಹಣ್ಣಿನ ಚೀಲಗಳನ್ನು ರಸ್ತೆಗೆ ಇಳಿಸಿ ಟೆಂಪೊ ತಂದ. ಶಾಹಿಸ್ತಾಳ ಹಿಂದೆಯೇ ಕಾಶಿಬಾಯಿಯೂ ಹತ್ತಿ, ಯಾರೂ ಹೇಳದೆ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ನನ್ನ ಚರಿಗಿ ಎಣಸೂದ್ರಾಗ ನಿಂದು ಎಣಸೂದ ಮರತೇನ, ಹುಚ್ಚಿ?”

“ನಿಂದು ನಾಕಾದವಲ್ಲ,” ಎಂದಳು ರಮಜಾನಬಿ, ಕಣ್ಣು ತೆರೆಯದೆ.

“ಐದು. ಒಂದ ತಪ್ಪಿಸಿದಿ ನೋಡ.”

ಮುದುಕಿಯ ತುಟಿ ಅಲುಗಿತು. ನಕ್ಕಳೋ, ನೀರು ಕೇಳಿದಳೋ, ರಸ್ತೆಯ ಕುಲುಕಾಟದಲ್ಲಿ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಎರಡೂ ಕೈಗಳಲ್ಲಿ ನರ ಹುಡುಕಿದಳು, ಸಿಗಲಿಲ್ಲ. ಡಾಕ್ಟರು ಬಂದು ಪಾದದಲ್ಲಿ ಹಿಡಿದರು. ಬಾಟಲಿಯ ನೀರು ಸ್ವಲ್ಪ ಹೊತ್ತು ಇಳಿಯಿತು. ಆಮೇಲೆ ಡಾಕ್ಟರು ನಾಡಿ ಹಿಡಿದು ನೋಡಿ, ಸಿಗದೆ, ತಾವೇ ಬಾಟಲಿಯ ನಳಿಕೆಯ ಗಾಲಿ ತಿರುಗಿಸಿ ನಿಲ್ಲಿಸಿದರು. ಮಗ ಜಾಹಿದ ಇಂಡಿಯಿಂದ ಹೊರಟಿದ್ದ, ಇನ್ನೂ ದಾರಿಯಲ್ಲಿದ್ದ.

ವರಾಂಡದ ನೆಲದ ಮೇಲೆ ಕುಳಿತಿದ್ದ ಇಬ್ಬರ ಮುಂದೆ ನರ್ಸ್ ಬಂದು ಕುಕ್ಕರಗಾಲಿನಲ್ಲಿ ಕುಳಿತಳು.

“ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಜಿಲ್ಲಾಕ್ಕ ತಿಳಸಬೇಕಾಗೇತಿ. ಯಾವಾಗಿಂದ ಹತ್ತಿತ್ತರಿ? ಎಷ್ಟ ಸಲ ಆಗಿತ್ತು?”

ಇವೇ ಎರಡು ಮಾತನ್ನು ಶಾಹಿಸ್ತಾ ಊರಿನ ಪ್ರತಿ ಬಾಗಿಲಲ್ಲೂ ಕೇಳಿದ್ದಳು.

“ನನಗಿಂತ ಒಂದ ಹೆಚ್ಚ ಬರಕೋರಿ,” ಎಂದಳು ಕಾಶಿಬಾಯಿ. “ಎಲ್ಲಾದ್ರಾಗೂ ಆಕಿಗೆ ನನಗಿಂತ ಒಂದ ಹೆಚ್ಚ ಬೇಕಾಗಿತ್ತು.” ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನರ್ಸ್ ಪೆನ್ನಿನ ಟೊಪ್ಪಿಗೆ ಹಾಕಿದಳು.

ಹೊರಗೆ ಫಿರೋಜ ಬಕೆಟ್ ತಂದು ಟೆಂಪೊ ತೊಳೆಯಲು ನಿಂತಿದ್ದ. ಶಾಹಿಸ್ತಾ ಎದ್ದು ಹೋಗಿ ಅವನ ಕೈ ಹಿಡಿದು ತಡೆದಳು. “ಬರೇ ನೀರಿನಿಂದ ಹೋಗೂದಿಲ್ಲಪ್ಪ,” ಎಂದು ಆಸ್ಪತ್ರೆಯವರನ್ನು ಕೇಳಿ ಬ್ಲೀಚಿಂಗ್ ಪುಡಿ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹತ್ತಿದಳು. ಅತ್ತೆಯ ತಲೆಯಿದ್ದ ಕಡೆಯಿಂದ ಕಾಲಿದ್ದ ಕಡೆಯವರೆಗೆ, ಮೂಲೆ ಬಿಡದೆ, ಪುಡಿಯನ್ನು ತೆಳ್ಳಗೆ ಉದುರಿಸುತ್ತ ಬಂದಳು. ಅವಳ ಕಣ್ಣಲ್ಲಿ ನೀರು ಕಂಡು, ಘಾಟಿಗೆ ಉರಿಯುತ್ತಿರಬೇಕೆಂದು ಫಿರೋಜ ಬಕೆಟ್ಟನ್ನು ಅವಳ ಹತ್ತಿರ ಸರಿಸಿದ. ಅವಳು ಮುಖ ತೊಳೆಯಲಿಲ್ಲ.